ಹೇನು ಕಂಡ ಮಗುವನ್ನು ಮನೆಗೆ ಕಳಿಸಬೇಕಾ?

ಜ್ವರ ಬಂದಿದೆ, ವಾಂತಿ ಆಯಿತು, ಬಿದ್ದು ಮೊಣಕಾಲು ಕೆತ್ತಿಕೊಂಡ ಅಂತ ಪೋಷಕರಿಗೆ ಫೋನ್ ಮಾಡೋದು ನಮ್ಮಂಥ ಡೇಕೇರ್ ನಡೆಸುವವರಿಗೆ ಅಭ್ಯಾಸವಾಗಿರುತ್ತದೆ. ನಂಬರ್ ಒತ್ತುವ ಮೊದಲು ಯೋಚನೆಗೆ ಬೀಳೋದು ಒಂದೇ ವಿಷಯಕ್ಕೆ: 'ನಿಮ್ಮ ಮಗಳ ತಲೆಯಲ್ಲಿ ಹೇನು ಕಾಣಿಸ್ತು.' ಜ್ವರ ಅಂದರೆ ಆಫೀಸು ಬಿಟ್ಟು ಓಡಿ ಬರುವ ಅದೇ ತಾಯಿ, ಹೇನು ಅಂದರೆ ಒಂದು ಕ್ಷಣ ಸುಮ್ಮನಾಗಿ, 'ನಮ್ಮನೇಲಿ ಯಾರಿಗೂ ಹೇನಿಲ್ಲೆ' ಅಂತಾಳೆ. ನಿಮ್ಮಲ್ಲಿಂದಲೇ ಬಂದಿರಬೇಕು ಅಂತ ಅದರ ಅರ್ಥ.

ಶಿರಸಿಯ ನಮ್ಮ ಮನೆಯ ಮುಂದಿನ ಎರಡು ಕೋಣೆ ಮತ್ತು ಜಗಲಿಯಲ್ಲಿ ನನ್ನ ಡೇಕೇರ್. ಒಂದೂವರೆ ವರ್ಷದಿಂದ ಆರು ವರ್ಷದವರೆಗಿನ 11 ಮಕ್ಕಳು. ಕೆಲವರ ತಂದೆತಾಯಿ ಕೊರೊನಾ ಕಾಲದಲ್ಲಿ ಬೆಂಗಳೂರಿನಿಂದ ಬಂದು, ಲ್ಯಾಪ್‌ಟಾಪ್ ಸಮೇತ ಊರಲ್ಲೇ ಉಳಿದವರು. ಬ್ಯಾಂಕಿನವರಿದ್ದಾರೆ, ನರ್ಸ್ ಇದ್ದಾರೆ, ಸಿದ್ದಾಪುರದಿಂದ ದಿನಾ ಬಸ್ಸಿನಲ್ಲಿ ಮಗನನ್ನು ಕರೆದುಕೊಂಡು ಬರುವ ಒಬ್ಬ ಶಿಕ್ಷಕಿ ಇದ್ದಾರೆ. ಒಬ್ಬ ಐದು ವರ್ಷದ ಹುಡುಗಿಯ ಅಮ್ಮ ಮಾತ್ರ ಅಡಿಕೆ ಸುಲಿಯುವ ಕೆಲಸದವಳು. ಸುಲಿದಷ್ಟಕ್ಕೇ ಕೂಲಿ. ಕೊನೆಕೊಯ್ಲಿನ ಆ ಎರಡು ಮೂರು ತಿಂಗಳ ದುಡಿಮೆಯಲ್ಲೇ ಅವಳ ವರ್ಷದ ಅರ್ಧ ಖರ್ಚು ಕಳೆಯಬೇಕು.

ಡಿಸೆಂಬರಿನ ಒಂದು ಬೆಳಿಗ್ಗೆ ಹೇನು ಕಂಡದ್ದು ಅವಳ ಮಗಳ ತಲೆಯಲ್ಲಿ. ಮಧ್ಯಾಹ್ನದೊಳಗೆ ವಿಷಯ ನನಗಿಂತ ಮೊದಲೇ ಗ್ರೂಪ್ ತಲುಪಿತ್ತು. ಮಕ್ಕಳಿಗೆ ಬಾಯಿ ಇದೆ ನೋಡಿ. 'ಪೂರ್ತಿ ಹೋಗುವ ತನಕ ಆ ಮಗು ಬರೋದು ಬೇಡ' ಅಂತ ಒಬ್ಬರು ಹಾಕಿದರು. ಕೆಳಗೆ ಮೂರು ಹೆಬ್ಬೆರಳು. ಇನ್ನೊಬ್ಬರು ನನಗೆ ಬೇರೆಯಾಗಿ ಮೆಸೇಜ್ ಮಾಡಿ, 'ಎಲ್ಲಾ ಥರದವರನ್ನೂ ಸೇರಿಸಿಕೊಂಡರೆ ಹೀಗೇ ಆಗೋದು' ಅಂದರು.

ಎರಡು ವಾರ ಆ ಮಗು ಮನೆಯಲ್ಲಿದ್ದರೆ ಅವಳ ಅಮ್ಮನೂ ಮನೆಯಲ್ಲಿರಬೇಕು. ನರೇಗಾ ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳಿಗಾಗಿ 4,000 ಗ್ರಾಮ ಪಂಚಾಯಿತಿಗಳಲ್ಲಿ 'ಕೂಸಿನ ಮನೆ' ತೆರೆಯುವುದಾಗಿ ರಾಜ್ಯ ಸರ್ಕಾರ 2023ರಲ್ಲಿ ಹೇಳಿತ್ತು. ಒಳ್ಳೆಯದೇ. ಆದರೆ ಪೇಟೆಯಲ್ಲಿ ಬಾಡಿಗೆಗಿದ್ದು, ಬೇರೆಯವರ ಅಂಗಳದಲ್ಲಿ ಅಡಿಕೆ ಸುಲಿಯುವವಳಿಗೆ ಅದು ದಾರಿಯಲ್ಲ. ಹಾಗಾಗಿ ನಾನು ಉತ್ತರ ಬರೆಯುವ ಮೊದಲು ಬೇರೊಂದು ಕೆಲಸ ಮಾಡಿದೆ. ಹನ್ನೊಂದೂ ತಲೆ ನೋಡಿದೆ.

ಕೂದಲೇ ಕ್ಯಾಲೆಂಡರ್

ಹೇನು ನೋಡೋದು ಅಂದರೆ ಮೇಲಿಂದ ಎರಡು ಸಲ ಕೂದಲು ಬಿಡಿಸಿ ನೋಡೋದಲ್ಲ. ಕೂದಲು ಒದ್ದೆ ಮಾಡಿ, ಧಾರಾಳ ಕಂಡಿಷನರ್ ಹಚ್ಚಿ, ಮೊದಲು ಸಾಧಾರಣ ಹಣಿಗೆಯಿಂದ ಸಿಕ್ಕು ಬಿಡಿಸಿ, ಆಮೇಲೆ ಒತ್ತು ಹಲ್ಲಿನ ಸೀರಣಿಗೆಯಿಂದ ಬುಡದಿಂದ ತುದಿಯವರೆಗೆ ಎಳೆಯಬೇಕು. ಪ್ರತಿ ಸಲ ಬಿಳಿ ಬಟ್ಟೆಗೆ ಒರೆಸಿ ನೋಡಬೇಕು. ಕಿವಿಯ ಹಿಂದೆ, ಕುತ್ತಿಗೆಯ ಮೇಲ್ಭಾಗದಲ್ಲಿ ಹೆಚ್ಚು. ಬೆಳೆದ ಹೇನು ಎಳ್ಳಿನ ಕಾಳಿನಷ್ಟಿರುತ್ತದೆ. ಒಣ ಕೂದಲಲ್ಲಿ ಅದು ಓಡಿ ತಪ್ಪಿಸಿಕೊಳ್ಳುತ್ತದೆ, ಕಂಡಿಷನರಿನಲ್ಲಿ ಓಡಲಾಗದು.

ಐದು ಮಕ್ಕಳ ತಲೆಯಲ್ಲಿ ಸಿಕ್ಕಿತು. ನನ್ನ ತಲೆಯಲ್ಲೂ ಎರಡು. (ಮಧ್ಯಾಹ್ನ ಮಕ್ಕಳನ್ನು ತಟ್ಟಿ ಮಲಗಿಸುವಾಗ ತಲೆಗೆ ತಲೆ ತಾಗದೆ ಇರುತ್ತಾ?)

ಗಮನಿಸಬೇಕಾದ್ದು ಸೀರನ್ನು. ಹೇನು ಮೊಟ್ಟೆಯನ್ನು ಕೂದಲಿನ ಬುಡದಲ್ಲಿ, ತಲೆಯ ಚರ್ಮಕ್ಕೆ ಆರು ಮಿಲಿಮೀಟರಿನ ಒಳಗೇ ಅಂಟಿಸುತ್ತದೆ. ಅದಕ್ಕೆ ನಮ್ಮ ಮೈಶಾಖ ಬೇಕು. ಏಳರಿಂದ ಹತ್ತು ದಿನಕ್ಕೆ ಮರಿ ಹೊರಬಂದ ಮೇಲೂ ಖಾಲಿ ಸಿಪ್ಪೆ ಕೂದಲಿಗೇ ಅಂಟಿಕೊಂಡು ಕೂದಲಿನ ಜೊತೆ ಮೇಲೇರುತ್ತದೆ. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಅಂದರೆ ಬುಡದಿಂದ ಒಂದು ಸೆಂಟಿಮೀಟರ್ ಆಚೆ ಇರುವ ಸೀರು ಹೆಚ್ಚುಕಡಿಮೆ ತಿಂಗಳ ಹಿಂದಿನದು.

ಅಡಿಕೆ ಸುಲಿಯುವವಳ ಮಗಳ ಸೀರುಗಳೆಲ್ಲ ಬುಡದಲ್ಲೇ ಇದ್ದವು. ಇನ್ನೊಂದು ಮಗುವಿನ ತಲೆಯಲ್ಲಿ ಎರಡು ಸೆಂಟಿಮೀಟರ್ ಮೇಲಿನ ತನಕ ಬಿಳಿ ಸಿಪ್ಪೆಗಳು. ದಿನಾ ಬೆಳಿಗ್ಗೆ ಪರಿಮಳದ ಶಾಂಪೂ ಹಾಕಿಸಿಕೊಂಡು ಕಾರಿನಲ್ಲಿ ಬರುವ ಮಗು ಅದು. ಯಾರದು ಅಂತ ಗ್ರೂಪಿಗೆ ಹೇಳಲಿಲ್ಲ, ಇಲ್ಲೂ ಹೇಳುವುದಿಲ್ಲ. ಹೇಳಿದ್ದರೆ ಬೇರೆ ಒಬ್ಬರನ್ನು ಆ ಜಾಗದಲ್ಲಿ ನಿಲ್ಲಿಸಿದ ಹಾಗಾಗುತ್ತಿತ್ತು, ಅಷ್ಟೆ.

ಮೊದಲ ಸಲ ಹೇನಾದವರಿಗೆ ತುರಿಕೆ ಶುರುವಾಗಲು ನಾಲ್ಕರಿಂದ ಆರು ವಾರ ಬೇಕಾಗಬಹುದು. ಹೇನಿನ ಜೊಲ್ಲಿಗೆ ಮೈ ಒಗ್ಗದೆ ಆಗುವ ಅಲರ್ಜಿ ಅದು, ನಿಧಾನಕ್ಕೆ ಬರುತ್ತದೆ. ಮಗು ಕೆರೆದುಕೊಳ್ಳುವುದು ನಿಮ್ಮ ಕಣ್ಣಿಗೆ ಬಿತ್ತು ಅನ್ನುವ ಹೊತ್ತಿಗೆ ಅದು ಒಂದು ತಿಂಗಳಿನಿಂದ ಉಳಿದವರ ಜೊತೆ ಆಡಿ, ಉಂಡು, ಮಲಗಿ ಆಗಿದೆ. ಈಗ ಮಧ್ಯಾಹ್ನ ಹನ್ನೆರಡಕ್ಕೆ ಮನೆಗೆ ಕಳಿಸಿ ತಡೆಯುವುದು ಏನನ್ನು? ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ ಅನ್ನುವ ಮಕ್ಕಳ ವೈದ್ಯರ ಸಂಸ್ಥೆ ಹೇನಿನ ಕಾರಣಕ್ಕೆ ಮಗುವನ್ನು ಶಾಲೆಯಿಂದ ಹೊರಗಿಡಬೇಡಿ, ಸೀರು ಪೂರ್ತಿ ಹೋಗಲಿ ಅಂತ ಕಾಯಿಸಲೂ ಬೇಡಿ ಅಂತ ಸ್ಪಷ್ಟವಾಗಿ ಹೇಳುತ್ತದೆ. ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆಯ ಸಲಹೆಯೂ ಅದೇ. ಹೇನು ಹಾರುವುದಿಲ್ಲ, ಜಿಗಿಯುವುದಿಲ್ಲ. ತಲೆಗೆ ತಲೆ ತಾಗಿದಾಗ ನಡೆದು ದಾಟುತ್ತದೆ. ತಲೆ ಬಿಟ್ಟು ಕೆಳಗೆ ಬಿದ್ದರೆ ಒಂದೆರಡು ದಿನದಲ್ಲಿ ಸಾಯುತ್ತದೆ. ಸೋಫಾಕ್ಕೆ ಔಷಧಿ ಹೊಡೆಸುವ ಅಗತ್ಯವೇ ಇಲ್ಲ. ದಿಂಬಿನ ಕವರು, ಟೋಪಿ, ಟವೆಲನ್ನು ಬಿಸಿನೀರಿನಲ್ಲಿ ಒಗೆದರೆ ಸಾಕು.

ಕೊಳಕಿಗೂ ಅದಕ್ಕೂ ಸಂಬಂಧ ಇಲ್ಲ ಅಂತ ಎಷ್ಟು ಹೇಳಿದರೂ ನಂಬದವರಿಗೆ ನಾನು ಒಂದು ಬಾಚಣಿಗೆಯ ಕತೆ ಹೇಳುತ್ತೇನೆ. ಇಸ್ರೇಲಿನ ಲಾಖೀಷ್ ಎಂಬ ಪುರಾತನ ಊರಿನ ಉತ್ಖನನದಲ್ಲಿ 2016ರಲ್ಲಿ ಪುಟ್ಟದೊಂದು ದಂತದ ಬಾಚಣಿಗೆ ಸಿಕ್ಕಿತು. ಒಂದು ಕಡೆ ಆರು ದಪ್ಪ ಹಲ್ಲು, ಇನ್ನೊಂದು ಕಡೆ 14 ಸಣ್ಣ ಹಲ್ಲು. ಥೇಟ್ ನಮ್ಮ ಸೀರಣಿಗೆ. ಅದರ ಮೇಲೆ ಸಣ್ಣದಾಗಿ ಕೊರೆದ ಅಕ್ಷರಗಳನ್ನು ಓದಿ 2022ರಲ್ಲಿ ಪ್ರಕಟಿಸಿದರು. ಸುಮಾರು 3,700 ವರ್ಷ ಹಿಂದಿನದು ಅಂತ ಅಂದಾಜು. ಅಲ್ಲಿದ್ದದ್ದು ರಾಜನ ಹೆಸರಲ್ಲ, ದೇವರ ಸ್ತೋತ್ರವಲ್ಲ, ತಲೆ ಮತ್ತು ಗಡ್ಡದ ಹೇನು ತೊಲಗಲಿ ಅನ್ನುವ ಬೇಡಿಕೆ. ಆ ಸೀಮೆಯಲ್ಲಿ ಆಗ ಆನೆ ಇರಲಿಲ್ಲ, ದಂತ ದೂರದಿಂದ ಬರಬೇಕಿತ್ತು. ದಂತದ ಬಾಚಣಿಗೆ ಕೊಳ್ಳುವಷ್ಟು ದುಡ್ಡಿದ್ದವರ ತಲೆಯಲ್ಲೂ ಹೇನಿತ್ತು.

ಫೋನಿನಲ್ಲಿ ಬಂದ ಮದ್ದುಗಳು

ಅವತ್ತು ಸಂಜೆ ನಾನು ಗ್ರೂಪಿಗೆ ಹಾಕಿದ್ದು ಇಷ್ಟು: 'ನಮ್ಮಲ್ಲಿ ಐವರು ಮಕ್ಕಳಿಗೆ ಮತ್ತು ನನಗೆ ಹೇನು ಆಗಿದೆ. ಯಾರ್‍ಯಾರಿಗೆ ಅಂತ ಅವರವರ ಮನೆಗೆ ಹೇಳಿದ್ದೇನೆ. ಯಾರೂ ರಜೆ ಹಾಕಬೇಕಾಗಿಲ್ಲ. ಶನಿವಾರ ಎಲ್ಲರೂ ಒಟ್ಟಿಗೆ ಔಷಧಿ ಶುರು ಮಾಡೋಣ.' ನನಗೂ ಆಗಿದೆ ಅಂದದ್ದಕ್ಕೆ ಗ್ರೂಪು ತಣ್ಣಗಾಯಿತು. ಒಬ್ಬರು ಮಗನನ್ನು ಬಿಡಿಸಿಕೊಂಡು ಹೋದರು. ಹೋಗಲಿ.

ಆಮೇಲೆ ಶುರುವಾಯಿತು ಅಜ್ಜಿಯಂದಿರ ಮದ್ದಿನ ಸರದಿ. ಸೀಮೆಎಣ್ಣೆ, ಕರ್ಪೂರ, ಸೀತಾಫಲದ ಬೀಜದ ಪುಡಿ, ಜಿರಳೆಗೆ ಎಳೆಯುವ ಸೀಮೆಸುಣ್ಣ. ನಮ್ಮ ಕಡೆ ಮದ್ದಿನ ಜ್ಞಾನ ದೊಡ್ಡದು, ನನಗೆ ಅದರ ಬಗ್ಗೆ ಗೌರವವೂ ಇದೆ. ಆದರೆ ಈ ನಾಲ್ಕಕ್ಕೆ ಮಾತ್ರ ನನ್ನ ಬಾಗಿಲಲ್ಲಿ ಜಾಗ ಇಲ್ಲ. ಸೀಮೆಎಣ್ಣೆಗೆ ಬೆಂಕಿ ತಾಗಬಹುದು, ಬಚ್ಚಲೊಲೆ ಉರಿಯುವ ಮನೆಗಳು ನಮ್ಮವು. ಸಣ್ಣ ಮಗು ಕುಡಿದು ಅದು ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ. ಕರ್ಪೂರ ಸ್ವಲ್ಪವೇ ಹೊಟ್ಟೆಗೆ ಹೋದರೂ ಎಳೆ ಮಕ್ಕಳಿಗೆ ಫಿಟ್ಸ್ ಬರಬಹುದು. ಸೀತಾಫಲದ ಬೀಜ ಹೇನನ್ನೇನೋ ಕೊಲ್ಲುತ್ತದೆ. ಆದರೆ ತಲೆ ತೊಳೆಯುವಾಗ ಅದರ ನೀರು ಕಣ್ಣಿಗಿಳಿದು ಕಣ್ಣಿನ ಪಾರದರ್ಶಕ ಪಟಲಕ್ಕೇ ಗಾಯವಾದ ಪ್ರಕರಣಗಳನ್ನು ನಮ್ಮ ದೇಶದ ಕಣ್ಣಿನ ವೈದ್ಯರೇ ವರದಿ ಮಾಡಿದ್ದಾರೆ. ಸೀಮೆಸುಣ್ಣದ ಬಗ್ಗೆ ಹೇಳಲೇಬೇಕಾ? ಅದು ಕೀಟನಾಶಕ.

ತೆಂಗಿನೆಣ್ಣೆ ಹಚ್ಚಿ, ಅಡ್ಡಿಯಿಲ್ಲ. ಬಾಚಲು ಜಾರುತ್ತದೆ. ಅದೊಂದೇ ಹೇನನ್ನು ಮುಗಿಸುತ್ತದೆ ಅಂತ ಕೂರಬೇಡಿ. ಹೇನು ಗಂಟೆಗಟ್ಟಲೆ ಉಸಿರು ಹಿಡಿದು ಬದುಕಬಲ್ಲದು.

ಔಷಧಿ ಅಂಗಡಿಯಲ್ಲಿ ಪರ್ಮೆಥ್ರಿನ್ ಕೇಳುವಾಗ ಒಂದು ಎಚ್ಚರ. ಹೇನಿಗೆ ಬೇಕಾದದ್ದು ಶೇ 1ರ ಲೋಷನ್. ಅದೇ ಹೆಸರಿನ ಶೇ 5ರ ಕ್ರೀಮ್ ಕಜ್ಜಿಗೆ ಮೈಗೆ ಹಚ್ಚುವಂಥದ್ದು. ಡಬ್ಬಿ ಓದಿ. ತಲೆ ತೊಳೆದು, ಟವೆಲಿನಿಂದ ಒರೆಸಿ, ಇನ್ನೂ ತೇವ ಇರುವಾಗ ಹಚ್ಚಿ, 10 ನಿಮಿಷಕ್ಕೆ ತೊಳೆಯಬೇಕು. ರಾತ್ರಿಯಿಡೀ ಬಿಟ್ಟರೆ ಹೆಚ್ಚು ಗುಣ ಅನ್ನುವುದು ಸುಳ್ಳು. ಎರಡು ತಿಂಗಳಿಗಿಂತ ಚಿಕ್ಕ ಕೂಸಿಗೆ ಬೇಡವೇ ಬೇಡ. ಐವರ್ಮೆಕ್ಟಿನ್ ಮಾತ್ರೆಯನ್ನು ಕೆಲವರು ಅಂಗಡಿಯಲ್ಲೇ ಕೊಡಿ ಅಂತ ಕೇಳುತ್ತಾರೆ. 15 ಕೆ.ಜಿ.ಗಿಂತ ಕಡಿಮೆ ತೂಕದ ಮಕ್ಕಳಿಗೆ ಅದನ್ನು ಕೊಡುವುದಿಲ್ಲ. ಡೇಕೇರಿನ ಮಕ್ಕಳಲ್ಲಿ ಅರ್ಧಕ್ಕರ್ಧ ಆ ತೂಕದವರೇ. ವೈದ್ಯರು ಹೇಳದೆ ಮುಟ್ಟಬೇಡಿ.

ಜನ ಸೋಲುವುದು ಒಂಬತ್ತನೆಯ ದಿನದಲ್ಲಿ. ಮೊದಲ ಸಲದ ಔಷಧಿ ಹೇನನ್ನು ಕೊಲ್ಲುತ್ತದೆ, ಎಲ್ಲಾ ಮೊಟ್ಟೆಗಳನ್ನಲ್ಲ. ಉಳಿದ ಮೊಟ್ಟೆ ಒಡೆದು ಮರಿ ಬಂದಿರುತ್ತದೆ, ಆ ಮರಿ ದೊಡ್ಡದಾಗಿ ಮೊಟ್ಟೆ ಇಡಲು ಇನ್ನೂ ಸುಮಾರು ಹತ್ತು ದಿನ ಬೇಕು. ಆ ನಡುವಿನ ಕಿಂಡಿಯಲ್ಲಿ, ಒಂಬತ್ತನೆಯ ದಿನಕ್ಕೆ ಸರಿಯಾಗಿ ಎರಡನೇ ಸಲ ಹಚ್ಚಬೇಕು. ಅಷ್ಟು ಹೊತ್ತಿಗೆ ತುರಿಕೆ ಕಡಿಮೆಯಾಗಿರುತ್ತದೆ, ಆಫೀಸಿನಲ್ಲಿ ಏನೋ ಡೆಡ್‌ಲೈನ್ ಇರುತ್ತದೆ, ಮರೆತುಹೋಗುತ್ತದೆ. ಹಾಗಾಗಿ ಇವತ್ತೇ ಫೋನಿನಲ್ಲಿ ಅಲಾರಂ ಇಡಿ. ಔಷಧಿ ಬೇಡ ಅನ್ನುವವರು ಮೂರು ನಾಲ್ಕು ದಿನಕ್ಕೊಮ್ಮೆ ಕಂಡಿಷನರ್ ಹಚ್ಚಿ ಎರಡು ವಾರ ಬಿಡದೆ ಬಾಚಬೇಕು. ಕೆಲವು ಕಡೆ ಔಷಧಿಗೆ ಜಗ್ಗದ ಹೇನುಗಳೂ ಬಂದಿರುವುದರಿಂದ ಔಷಧಿ ಹಚ್ಚಿದವರಿಗೂ ಬಾಚುವ ಕೆಲಸ ತಪ್ಪಿದ್ದಲ್ಲ. ಅದಕ್ಕೆ ಸ್ಟೀಲಿನ ಉದ್ದ ಹಲ್ಲಿನ ಸೀರಣಿಗೆಯೇ ಆಗಬೇಕು.

ಹೇನೋ, ಉಣ್ಣಿಯೋ?

ರಾತ್ರಿ ಒಂಬತ್ತಕ್ಕೆ ಸಿದ್ದಾಪುರದ ಆ ಹುಡುಗನ ಅಪ್ಪನ ಫೋನು. 'ಮೇಡಂ, ಕಿವಿ ಹಿಂದೆ ಒಂದು ಸಿಕ್ಕಿದೆ, ಹೇನು ಹೌದಾ ಉಣ್ಣಿಯಾ?' ದನಿಯಲ್ಲಿ ಹೆದರಿಕೆ ಇತ್ತು. ಇರಬೇಕಾದ್ದೇ. ಮಂಗನ ಕಾಯಿಲೆ 1957ರಲ್ಲಿ ಮೊದಲು ಗುರುತಾದ ಕ್ಯಾಸನೂರು ಕಾಡು ಸಿದ್ದಾಪುರಕ್ಕೆ ಹೊಂದಿಕೊಂಡ ಸೊರಬ ತಾಲ್ಲೂಕಿನಲ್ಲೇ ಇದೆ. 2024ರಲ್ಲಿ ಸಿದ್ದಾಪುರ ತಾಲ್ಲೂಕಿನ ಹಳ್ಳಿಗಳಲ್ಲೂ ಅದು ಜನರನ್ನು ಕಾಡಿತ್ತು. ಉಣ್ಣಿ ಕಚ್ಚಿದರೆ ಆ ಕಾಯಿಲೆ ಬರಬಹುದು, ತಲೆಹೇನಿನಿಂದ ಯಾವ ಕಾಯಿಲೆಯೂ ಹರಡುವುದಿಲ್ಲ. ಹೇನಿಗೆ ಆರು ಕಾಲು, ಅದು ಕೂದಲಲ್ಲಿ ಓಡಾಡುತ್ತದೆ. ಬೆಳೆದ ಉಣ್ಣಿಗೆ ಎಂಟು ಕಾಲು, ಅದು ಚರ್ಮಕ್ಕೆ ಬಾಯಿ ಊರಿ ಕದಲದೆ ಕೂರುತ್ತದೆ. ಫೋಟೊ ಕಳಿಸಿ ಅಂದೆ. ಉಣ್ಣಿಯೇ ಆಗಿತ್ತು. ಬೆರಳಿನಿಂದ ಹಿಸುಕಬೇಡಿ, ಚಿಮಟದಿಂದ ಚರ್ಮಕ್ಕೆ ಹತ್ತಿರ ಹಿಡಿದು ನೇರ ಎಳೆಯಿರಿ, ಮುಂದಿನ ಎರಡು ವಾರ ಜ್ವರ ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಿ, ಉಣ್ಣಿ ಕಚ್ಚಿತ್ತು ಅಂತ ಹೇಳಿ ಅಂದೆ. ಜ್ವರ ಬರಲಿಲ್ಲ. ನಾಚಿಕೆಯಿಂದ ತಲೆ ನೋಡದೇ ಇದ್ದಿದ್ದರೆ ಅದೂ ಕಾಣುತ್ತಿರಲಿಲ್ಲ ಅನ್ನುವುದು ನನಗೆ ಆಮೇಲೆ ಹೊಳೆಯಿತು.

ಯಲ್ಲಾಪುರದಲ್ಲಿ ನನ್ನ ಹಾಗೆಯೇ ಮಕ್ಕಳನ್ನು ನೋಡಿಕೊಳ್ಳುವ ಗೆಳತಿಯೊಬ್ಬಳಿದ್ದಾಳೆ. ಅವಳಲ್ಲಿಗೆ ಬರುವ ಒಬ್ಬ ಹುಡುಗಿಯ ತಲೆಯನ್ನು ಮನೆಯವರು ಹೇನಿಗಾಗಿ ಬೋಳಿಸಿಬಿಟ್ಟಿದ್ದರಂತೆ. ಹೇನು ಹೋಯಿತು, ನಿಜ. ಹುಡುಗಿ ಮಾತ್ರ ಕೂದಲು ಬರುವ ತನಕ ಒಳಗೂ ಟೋಪಿ ತೆಗೆಯಲಿಲ್ಲ, ಗುಂಪಿನ ಆಟಕ್ಕೆ ಬರಲಿಲ್ಲ. ಒಂದು ಬಾಟಲಿ ಲೋಷನ್, ಒಂದು ಸೀರಣಿಗೆಯಲ್ಲಿ ಮುಗಿಯುವ ಕೆಲಸ ಅದು.

ನಮ್ಮಲ್ಲಿ ಒಂಬತ್ತನೆಯ ದಿನ ಎಲ್ಲರೂ ಎರಡನೇ ಸಲ ಹಚ್ಚಿದರು. ಅಡಿಕೆ ಸುಲಿಯುವವಳ ಪಾಲಿನ ಲೋಷನ್ನನ್ನು, ಮೊದಲ ದಿನ ಹೆಬ್ಬೆರಳು ಒತ್ತಿದ್ದವರಲ್ಲಿ ಒಬ್ಬರೇ ತಂದುಕೊಟ್ಟರು, ಮಾತೇನೂ ಆಡದೆ. ಅವಳು ರಾತ್ರಿ ಸುಲಿದು ಬಂದು ಕಪ್ಪಾದ ಬೆರಳುಗಳಲ್ಲೇ ಮಗಳ ತಲೆ ಬಾಚುತ್ತಿದ್ದಳಂತೆ. ಒಂದು ದಿನದ ಕೂಲಿಯೂ ತಪ್ಪಲಿಲ್ಲ. ಮೂರನೇ ವಾರ ನೋಡಿದಾಗ ನಾಲ್ವರು ಮಕ್ಕಳ ತಲೆ ಖಾಲಿ. ಒಬ್ಬನಲ್ಲಿ ಇನ್ನೂ ಎರಡು ಮರಿ. ಅವನ ಮನೆಯಲ್ಲಿ ಅಕ್ಕನ ತಲೆಯನ್ನು ಯಾರೂ ನೋಡಿರಲಿಲ್ಲ!

ಈಗ ಪ್ರತಿ ತಿಂಗಳ ಮೊದಲ ಶನಿವಾರ ನಮ್ಮ ಜಗಲಿಯಲ್ಲಿ ಎಲ್ಲರ ತಲೆ ನೋಡುವ ದಿನ. ಜಗಲಿ ಮೊದಲು ಅದಕ್ಕೇ ಇತ್ತಲ್ಲ! ಮದುವೆ, ಬೇಸಿಗೆ ರಜೆ, ಎರಡು ವರ್ಷಕ್ಕೊಮ್ಮೆ ಬರುವ ಮಾರಿ ಜಾತ್ರೆ, ಹೀಗೆ ನೆಂಟರ ಮಕ್ಕಳೆಲ್ಲ ಒಂದೇ ಹಾಸಿಗೆಯಲ್ಲಿ ಸಾಲಾಗಿ ಮಲಗುವ ದಿನಗಳು ಕಳೆದ ಎರಡು ವಾರಕ್ಕೆ ಇನ್ನೊಂದು ಸಲ. ಕಳೆದ ಶನಿವಾರ ಆ ಐದು ವರ್ಷದವಳು ನನ್ನ ಮುಂದೆ ಬೆನ್ನು ಮಾಡಿ ಕೂತು ಕೇಳಿದಳು, 'ಅಕ್ಕೋರೇ, ಜಾತ್ರೇಲಿ ನಂಗೆ ಗುಲಾಬಿ ಹಣಿಗೆ ತೆಗೆಸಿಕೊಡ್ತಾರೆ. ಅದ್ರಲ್ಲೂ ಹೇನು ಬರ್ತದಾ?'

ಬರೋದಿಲ್ಲ, ಅದರ ಹಲ್ಲು ಬಹಳ ಅಗಲ ಅಂದೆ. ಆದರೂ ಗುಲಾಬಿಯದೇ ಬೇಕಂತೆ.