ಜಾತ್ರೆ-ಉತ್ಸವಗಳಲ್ಲಿ ನಾಯಿ: ಒಂದು ಐತಿಹಾಸಿಕ ವಿವೇಚನೆ

ಹೊಸಪೇಟೆಯಿಂದ ಕೊಪ್ಪಳಕ್ಕೆ ಹೋಗುವ ಹೆದ್ದಾರಿಯ ಮೇಲಿರುವ ಹಿಟ್ನಾಳವು ಜಾತ್ರೆಗಳ ನಡುವೆ ನೆಲೆಸಿದ ಊರು. ಸಮೀಪದಲ್ಲಿಯೇ ಹುಲಿಗೆಮ್ಮನ ಹುಲಿಗಿಯಿದೆ. ಒಂದು ಕಡೆ ಗವಿಮಠದ ಕೊಪ್ಪಳ, ಮತ್ತೊಂದು ಕಡೆ ಆನೆಗೊಂದಿ, ಹೊಳೆಯಾಚೆ ಹಂಪೆ. ನದಿಯ ಮೇಲ್ದಿಕ್ಕಿನಲ್ಲಿ ಹೂವಿನಹಡಗಲಿ ತಾಲ್ಲೂಕಿನ ಮೈಲಾರ. ಈ ಸ್ಥಳಗಳಲ್ಲಿ ಸೇರುವ ಜನಸಮೂಹದ ಬಗೆಗೆ, ಅಲ್ಲಿಯ ದೇವತೆಗಳ ಬಗೆಗೆ ಸಾಕಷ್ಟು ಬರೆಯಲಾಗಿದೆ. ಆದರೆ ಆ ಜನರೊಡನೆ ನಡೆದು ಬಂದ ಒಂದು ಪ್ರಾಣಿಯ ಕಡೆಗೆ ಇತಿಹಾಸಕಾರರ ದೃಷ್ಟಿ ಹೆಚ್ಚಾಗಿ ಹರಿದಂತಿಲ್ಲ. ಅದು ನಾಯಿ. ಶಿಕ್ಷಿತವಾದ ನಾಯಿಯೊಡನೆ ಮನುಷ್ಯನು ಜನನಿಬಿಡವಾದ ಸಮಾರಂಭಗಳಿಗೆ ಹೋಗುವುದು ಇತ್ತೀಚೆಗೆ ಪಟ್ಟಣಿಗರಲ್ಲಿ ಹುಟ್ಟಿದ ಹವ್ಯಾಸವೆಂದು ಅನೇಕರು ತಿಳಿದಿದ್ದಾರೆ. ಈ ತಿಳಿವಳಿಕೆ ಎಷ್ಟರಮಟ್ಟಿಗೆ ಸರಿಯೆಂಬುದನ್ನು ಪ್ರಸ್ತುತ ಲೇಖನದಲ್ಲಿ ನಾವು ಪರಿಶೀಲಿಸುತ್ತೇವೆ.

ಮೊದಲಿಗೆ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ನಮ್ಮ ಸಾಹಿತ್ಯದಲ್ಲಿಯೂ ಲೋಕರೂಢಿಯಲ್ಲಿಯೂ ನಾಯಿಗೆ ಎರಡು ಮುಖಗಳಿವೆ. ಒಂದು ಕಡೆ ಅದು ಅಶುಚಿಯ ಪ್ರಾಣಿ, ಬೈಗುಳದ ಪದ. ಮತ್ತೊಂದು ಕಡೆ, ಮಹಾಭಾರತದ ಮಹಾಪ್ರಸ್ಥಾನದಲ್ಲಿ ಧರ್ಮರಾಯನ ಬೆನ್ನು ಬಿಡದೆ ಬಂದು, ಕಡೆಗೆ ಸಾಕ್ಷಾತ್ ಧರ್ಮನೆಂದು ತೋರಿಕೊಳ್ಳುವುದೂ ನಾಯಿಯೇ. ಈ ವಿರೋಧವು ಮೇಲುನೋಟದ್ದು. ಒಡೆಯನಿಲ್ಲದೆ ಅಲೆಯುವ ನಾಯಿ ಬೇರೆ, ಒಬ್ಬನ ಮಾತಿಗೆ ಕಟ್ಟುಬಿದ್ದು ಒಂದು ಕರ್ತವ್ಯವನ್ನು ಹೊತ್ತ ನಾಯಿ ಬೇರೆ ಎಂಬ ವಿವೇಕವನ್ನು ನಮ್ಮ ಪೂರ್ವಿಕರು ಇಟ್ಟುಕೊಂಡಿದ್ದರು. ಇವುಗಳಲ್ಲಿ ಎರಡನೆಯದಕ್ಕೆ ಅವರು ಸಭೆಯಲ್ಲಿ, ಉತ್ಸವದಲ್ಲಿ, ಕಡೆಗೆ ದೇವಾಲಯದ ಮುಂದೆಯೂ ಸ್ಥಾನ ಕೊಟ್ಟಿದ್ದಾರೆ. ಇದಕ್ಕೆ ಮೂರು ಸಾಕ್ಷ್ಯಗಳನ್ನು ಇಲ್ಲಿ ವಿವೇಚಿಸಬಹುದು.

೧. ಆತಕೂರಿನ ಶಿಲಾಶಾಸನ

ಇಂದಿನ ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಶಾಸನವು ಶಕವರ್ಷ 872ರದು, ಅಂದರೆ ಕ್ರಿ.ಶ. 949-50ರದು. ರಾಷ್ಟ್ರಕೂಟ ಮೂರನೆಯ ಕೃಷ್ಣನೂ ಗಂಗ ಇಮ್ಮಡಿ ಬೂತುಗನೂ ತಕ್ಕೋಲದಲ್ಲಿ ಚೋಳ ರಾಜಾದಿತ್ಯನೊಡನೆ ಮಾಡಿದ ಯುದ್ಧವನ್ನು ಹೇಳುವುದರಿಂದ ರಾಜಕೀಯ ಇತಿಹಾಸದಲ್ಲಿ ಅದಕ್ಕೆ ದೊಡ್ಡ ಬೆಲೆಯಿದೆ. ಆದರೆ ಕಲ್ಲನ್ನು ನಿಲ್ಲಿಸಿದ್ದು ಯುದ್ಧಕ್ಕಾಗಿ ಅಲ್ಲ, ನಾಯಿಗಾಗಿ. ಬೂತುಗನ ಸೇವೆಯಲ್ಲಿದ್ದ ಮಣಲೆರನು ಯುದ್ಧದಲ್ಲಿ ತೋರಿದ ಪರಾಕ್ರಮಕ್ಕೆ ಒಡೆಯನು ಮೆಚ್ಚಿ, ಬೇಕಾದುದನ್ನು ಬೇಡೆಂದಾಗ, ಅವನು ಬೇಡಿದ್ದು ಕಾಳಿಯೆಂಬ ನಾಯಿಯನ್ನು. ಮುಂದೆ ಬೆಳತೂರಿನ ಪಶ್ಚಿಮದ ಗುಡ್ಡದಲ್ಲಿ ಆ ನಾಯಿಯನ್ನು ದೊಡ್ಡದೊಂದು ಹಂದಿಯ ಮೇಲೆ ಬಿಟ್ಟಾಗ ಹಂದಿಯೂ ನಾಯಿಯೂ ಒಟ್ಟಿಗೆ ಸತ್ತವು. ಅದರ ನೆನಪಿಗೆ ಆತಕೂರಿನ ಚಲ್ಲೇಶ್ವರನ ಮುಂದೆ ಕಲ್ಲನ್ನು ನೆಡಿಸಿ, ದೊಡ್ಡ ಕೆರೆಯ ಕೆಳಗೆ ಎರಡು ಕಂಡುಗ ಭೂಮಿಯನ್ನು ಬಿಟ್ಟರು. ಆ ಸ್ಥಾನದ ಗೊರವನು ಕಲ್ಲನ್ನು ಪೂಜಿಸದೆ ಊಟಮಾಡಿದರೆ ಪಾಪಕ್ಕೆ ಗುರಿಯಾಗುವನೆಂಬ ಎಚ್ಚರಿಕೆಯೂ ಶಾಸನದಲ್ಲಿದೆ.

ಇಲ್ಲಿ ಗಮನಾರ್ಹವಾದ ಸಂಗತಿಗಳು ಎರಡು. ನಾಯಿಗೆ ಹೆಸರಿದೆ; ಅದು ಯಾರಿಂದ ಯಾರ ಕೈಗೆ ಬಂದಿತೆಂಬುದು ಹತ್ತು ಜನಕ್ಕೆ ತಿಳಿದಿದೆ. ಸತ್ತ ಬಳಿಕ ಅದಕ್ಕೆ ಸಂದ ಗೌರವವು ಮನೆಯೊಳಗಿನದಲ್ಲ. ಊರು ನೆರೆಯುವ ದೇವಾಲಯದ ಮುಂದಿನದು.

೨. ಮಹಾನವಮಿ ದಿಬ್ಬ

ಎರಡನೆಯ ಸಾಕ್ಷ್ಯಕ್ಕಾಗಿ ಹಿಟ್ನಾಳದಿಂದ ಹೊಳೆ ದಾಟಿದರೆ ಸಾಕು. ವಿಜಯನಗರದ ಅರಸರ ಮಹಾನವಮಿ ಉತ್ಸವವು ಅಂದಿನ ದಕ್ಷಿಣ ಭಾರತದ ಅತಿ ದೊಡ್ಡ ಸಮಾರಂಭಗಳಲ್ಲಿ ಒಂದಾಗಿದ್ದಿತು. 1443ರಲ್ಲಿ ಬಂದ ಪಾರಸಿಕ ರಾಯಭಾರಿ ಅಬ್ದುರ್ ರಜಾಕನೂ, ಸುಮಾರು 1520ರಲ್ಲಿ ಬಂದ ಪೋರ್ಚುಗೀಸ್ ಪ್ರವಾಸಿ ಪಾಯಸನೂ ಅದರ ವೈಭವವನ್ನು ಬಣ್ಣಿಸಿದ್ದಾರೆ. ಆ ಉತ್ಸವದೊಡನೆ ಹೆಸರು ಬೆಸೆದುಕೊಂಡಿರುವ ಹಂಪೆಯ ಮಹಾನವಮಿ ದಿಬ್ಬದ ಗೋಡೆಗಳ ಮೇಲೆ ಆನೆ, ಕುದುರೆ, ಒಂಟೆಗಳ ಸಾಲುಗಳನ್ನೂ ನರ್ತಕಿಯರನ್ನೂ ಮಲ್ಲರನ್ನೂ ಕಾಣುತ್ತೇವೆ. ಇವುಗಳ ನಡುವೆ ಬೇಟೆಯ ದೃಶ್ಯಗಳಿವೆ. ಈಟಿ ಹಿಡಿದ ಬೇಟೆಗಾರನ ಜತೆಯಲ್ಲಿ ನಾಯಿಯಿದೆ. ನಾಯಿಗಳನ್ನು ಉತ್ಸವದ ಮೆರವಣಿಗೆಯಲ್ಲಿ ನಡೆಸಿಕೊಂಡು ಹೋಗುತ್ತಿದ್ದರೆಂದು ಈ ಶಿಲ್ಪದ ಬಲದಿಂದ ಮಾತ್ರ ಹೇಳಲಾಗದು. ಆದರೆ ರಾಜ್ಯದ ಶಕ್ತಿಯನ್ನು ನೆರೆದ ಜನಕ್ಕೆ ತೋರಿಸುವ ವೇದಿಕೆಯ ಮೇಲೆ ಶಿಕ್ಷಿತ ನಾಯಿಯ ರೂಪಕ್ಕೆ ಎಡೆಯಿದ್ದಿತು ಎಂಬಷ್ಟು ನಿರ್ವಿವಾದ.

೩. ಮೈಲಾರನ ಗೊರವರು

ಮೂರನೆಯದು ಜೀವಂತ ಸಾಕ್ಷ್ಯ. ಮೈಲಾರಲಿಂಗನನ್ನು ಮರಾಠಿಗರು ಖಂಡೋಬಾ ಎಂದು ಪೂಜಿಸುತ್ತಾರೆ. ಕುದುರೆಯೇರಿ ಕತ್ತಿ ಹಿಡಿದ ಈ ದೇವರ ಜತೆಗೆ ನಾಯಿಯನ್ನು ಚಿತ್ರಿಸುವುದು ವಾಡಿಕೆ. ಮಣಿ-ಮಲ್ಲರೆಂಬ ದಾನವರ ಸಂಹಾರದ ಕಥೆಯಲ್ಲಿ, ನೆಲಕ್ಕೆ ಬಿದ್ದ ರಕ್ತದ ಹನಿಯಿಂದ ಹೊಸ ದಾನವರು ಹುಟ್ಟದಂತೆ ನಾಯಿಯು ಅದನ್ನು ನೆಕ್ಕಿತೆಂದು ಕೆಲವು ಪಾಠಗಳು ಹೇಳುತ್ತವೆ. ಭರತ ಹುಣ್ಣಿಮೆಯ ಜಾತ್ರೆಗೆ ಉತ್ತರ ಕರ್ನಾಟಕದ ಹಲವು ಕಡೆಗಳಿಂದ ಜನ ಬಂಡಿ ಕಟ್ಟಿಕೊಂಡು ಮೈಲಾರಕ್ಕೆ ಬರುತ್ತಾರೆ. ಕಪ್ಪು ಕಂಬಳಿಯ ನಿಲುವಂಗಿ ತೊಟ್ಟು, ಭಂಡಾರದ ಚೀಲವನ್ನೂ ಡಮರುವನ್ನೂ ಹಿಡಿದ ಗೊರವರು, ಭಕ್ತರು ದೋಣಿಯೆಂಬ ಪಾತ್ರೆಯಲ್ಲಿ ತುಂಬಿದ ಹಾಲು-ಹಣ್ಣುಗಳನ್ನು ನಾಯಿಗಳಂತೆ ಬೊಗಳುತ್ತ, ಬಾಗಿ ಬಾಯಿಂದಲೇ ತಿನ್ನುತ್ತಾರೆ.

ಈ ಆಚರಣೆಯನ್ನು ಕಂಡು ವಿದ್ಯಾವಂತರು ಮುಜುಗರಪಡುವುದುಂಟು. ಮನುಷ್ಯನು ತನ್ನನ್ನು ನಾಯಿಯೆಂದು ಕರೆದುಕೊಳ್ಳುವುದು ಆತ್ಮಾವಮಾನವೆಂದು ಅವರ ವಾದ. ಮನುಷ್ಯಗೌರವದ ಕಾಳಜಿಯಿಂದ ಹುಟ್ಟಿದ ಈ ವಾದವನ್ನು ನಾವು ಹಗುರಾಗಿ ತಳ್ಳಿಹಾಕುವುದಿಲ್ಲ. ಆದರೆ ಆಚರಣೆಯ ಅರ್ಥವನ್ನು ನಿರ್ಣಯಿಸುವ ಮುನ್ನ ಅದನ್ನು ಉಳಿಸಿಕೊಂಡು ಬಂದವರ ಬಾಳನ್ನು ನೋಡಬೇಕು. ಮೈಲಾರನ ಭಕ್ತರಲ್ಲಿ ಕುರುಬರು ಪ್ರಮುಖರು. ಕೊಪ್ಪಳ, ಯಲಬುರ್ಗಾ, ಕುಷ್ಟಗಿಗಳ ಬಯಲಿನಲ್ಲಿ ಕುರಿಹಿಂಡಿನೊಡನೆ ಊರಿಂದೂರಿಗೆ ತಿರುಗುವವನಿಗೆ ನಾಯಿಯೆಂದರೆ ತೋಳಕ್ಕೆ ಅಡ್ಡನಿಲ್ಲುವ ಕಾವಲುಗಾರ. ಅದು ಮರಿಯಾಗಿದ್ದಾಗಿನಿಂದ ಹಿಂಡಿನ ನಡುವೆಯೇ ಬೆಳೆಯುತ್ತದೆ. ಕುರಿಯನ್ನು ಕಚ್ಚಬಾರದು, ಅಪರಿಚಿತನನ್ನು ಬಿಡಬಾರದು, ಒಡೆಯನ ಸಿಳ್ಳಿಗೆ ನಿಲ್ಲಬೇಕು ಎಂಬುದನ್ನು ಕಲಿಯುತ್ತದೆ. ಇಂಥ ಬಾಳಿನಲ್ಲಿ ‘ನಾನು ದೇವರ ನಾಯಿ’ ಎಂಬ ಮಾತು ಹೀನತೆಯದಲ್ಲ, ನಿಷ್ಠೆಯದು. ಬೈಗುಳದ ನಾಯಿಯನ್ನು ಈ ನಾಯಿಯೊಡನೆ ಬೆರೆಸಿದುದರಿಂದಲೇ ಆಚರಣೆಯು ನಮಗೆ ಅವಮಾನಕರವಾಗಿ ತೋರುತ್ತದೆಂದು ನಮ್ಮ ಅಭಿಪ್ರಾಯ.

ಆತಕೂರಿನ ಶಾಸನದಲ್ಲಿಯೂ ಗೊರವನೆಂಬ ಪದವಿರುವುದನ್ನು ವಾಚಕರು ಗಮನಿಸಿರಬಹುದು. ಹತ್ತನೆಯ ಶತಮಾನದಲ್ಲಿ ಅದಕ್ಕೆ ಶೈವ ಪೂಜಾರಿಯೆಂಬ ಅರ್ಥವಿದ್ದಿತು. ಇಂದಿನ ಮೈಲಾರದ ಗೊರವನು ಅಂದಿನ ಗೊರವನ ನೇರ ವಾರಸುದಾರನೆಂದು ಪದಸಾಮ್ಯವೊಂದರಿಂದಲೇ ಸಾಧಿಸುವುದು ಸಾಹಸವಾದೀತು. ಆದರೂ ನಾಯಿಯ ಕಲ್ಲನ್ನು ಪೂಜಿಸಬೇಕಾಗಿದ್ದವನಿಗೂ ದೇವರ ನಾಯಿಯಾಗಿ ಬೊಗಳುವವನಿಗೂ ಒಂದೇ ಹೆಸರಿರುವುದು ವಿಚಾರಾರ್ಹ.

ಮೈಲಾರದ ಕಾರಣಿಕವೂ ಇಲ್ಲಿ ಉಲ್ಲೇಖನೀಯ. ಎತ್ತರದ ಬಿಲ್ಲನ್ನೇರಿದ ಗೊರವಯ್ಯನು ‘ಸದ್ಲೇ’ ಎಂದೊಡನೆ ಅಪಾರ ಜನಸಮೂಹವು ನಿಶ್ಶಬ್ದವಾಗುತ್ತದೆ. ಒಂದು ಮಾತಿಗೆ ಅಷ್ಟು ಜನ ಸ್ತಬ್ಧರಾಗುವ ಸ್ಥಳದಲ್ಲಿ ಒಡೆಯನ ಮಾತಿಗೆ ನಿಲ್ಲುವ ನಾಯಿಯು ಭಕ್ತಿಯ ಪ್ರತಿಮೆಯಾದುದು ಸಹಜವೇ.

೪. ವರ್ತಮಾನ

ಬಂಡಿಯ ಕೆಳಗೆ ನಡೆಯುವ ನಾಯಿ ತಾನೇ ಬಂಡಿ ಎಳೆಯುತ್ತೇನೆಂದು ತಿಳಿಯಿತಂತೆ ಎಂಬ ಗಾದೆಯಿದೆ. ಗಾದೆಯ ವ್ಯಂಗ್ಯವೇನೇ ಇರಲಿ, ಬಂಡಿಯ ನೆರಳಿನಲ್ಲಿ ಪಯಣಮಾಡುವ ನಾಯಿ ನಮ್ಮ ದಾರಿಗಳ ಸಾಮಾನ್ಯ ದೃಶ್ಯವಾಗಿದ್ದಿತೆಂಬುದಕ್ಕೆ ಅದು ಸಾಕ್ಷಿ. ಆ ನೆರಳಿನಲ್ಲೊಂದು ಪಾಠವೂ ಇದೆ. ನಾಯಿಗೆ ಮನುಷ್ಯನಂತೆ ಮೈಯೆಲ್ಲ ಬೆವರಿ ತಣಿಯುವ ಸೌಕರ್ಯವಿಲ್ಲ. ನಾಲಗೆ ಚಾಚಿ ಏದುವುದೇ ಅದರ ಮುಖ್ಯ ಉಪಾಯ. ಬೇಸಿಗೆಯ ಬಿಸಿಲಿಗೆ ಕಾದ ಡಾಂಬರು ರಸ್ತೆಯು ಅದರ ಅಂಗಾಲನ್ನು ಸುಡುತ್ತದೆ. ನಮಗೆ ಹಬ್ಬದ ಸಂಭ್ರಮವಾಗಿರುವ ಡೊಳ್ಳು, ಪಟಾಕಿಗಳ ಸದ್ದು ನಮಗಿಂತ ಸೂಕ್ಷ್ಮವಾದ ಅದರ ಕಿವಿಗೆ ಪೆಟ್ಟಾಗಬಹುದು. ಆದುದರಿಂದ ಸಣ್ಣ ಸಂತೆಯಿಂದ ಮೊದಲುಮಾಡಿ ಕ್ರಮಕ್ರಮವಾಗಿ ಗದ್ದಲಕ್ಕೆ ಒಗ್ಗಿಸದ ನಾಯಿಯನ್ನು ತೇರಿನ ಸಂದಣಿಗೆ ಒಯ್ಯುವುದು ನಾಯಿಗೂ ಜನಕ್ಕೂ ಹಿತವಲ್ಲ. ಹುಚ್ಚುನಾಯಿ ರೋಗದ ಲಸಿಕೆ, ಕೈಯಲ್ಲಿ ಹಗ್ಗ, ಕುಡಿಯಲು ನೀರು, ಬೆದರಿದಾಗ ಹೊರಗೆ ಕರೆತರಲು ದಾರಿ: ಇವಿಷ್ಟು ಒಡೆಯನ ಹೊಣೆ.

ಇಂದು ದೊಡ್ಡ ಸಮಾರಂಭಗಳಿಗೆ ಮುನ್ನ ಪೊಲೀಸರ ಶ್ವಾನದಳವು ಸ್ಥಳವನ್ನು ಪರಿಶೀಲಿಸುವುದು ರೂಢಿಯಾಗಿದೆ. ನಮ್ಮ ಪ್ರದೇಶದ್ದೇ ಆದ ಮುಧೋಳ ತಳಿಯ ಬೇಟೆನಾಯಿಯ ಚಿತ್ರವಿರುವ ಅಂಚೆಚೀಟಿಯು 2005ರಲ್ಲಿ ಹೊರಬಂದಿತು. 2016ರಲ್ಲಿ ಭಾರತೀಯ ಸೇನೆಯು ಆ ತಳಿಯ ಮರಿಗಳನ್ನು ಶಿಕ್ಷಣಕ್ಕಾಗಿ ಮೀರತ್ತಿಗೆ ಒಯ್ದಿತು. ಕಾಳಿಯನ್ನು ಬೇಡಿ ಪಡೆದ ಮಣಲೆರನಿಗೆ ಇದಾವುದೂ ವಿಚಿತ್ರವಾಗಿ ತೋರುತ್ತಿರಲಿಲ್ಲ.

ಮೇಲಿನ ವಿವೇಚನೆಯಿಂದ ಸಿದ್ಧವಾಗುವುದಿಷ್ಟು: ಕರ್ನಾಟಕದಲ್ಲಿ ಜನಸಮೂಹದ ನಡುವೆ ನಾಯಿಗೆ ದೊರೆತ ಸ್ಥಾನವು ಕೇವಲ ಮುದ್ದಿನಿಂದ ಬಂದುದಲ್ಲ. ಅದು ಯಾರದು, ಅದರ ಕೆಲಸವೇನು, ಅದರ ನಡತೆಗೆ ಹೊಣೆ ಯಾರು ಎಂಬ ಮೂರು ಪ್ರಶ್ನೆಗಳಿಗೆ ಉತ್ತರವಿದ್ದಲ್ಲಿ ಸಮಾಜವು ಅದನ್ನು ಒಪ್ಪಿಕೊಂಡಿದೆ. ಕುರಿಗಾರರ ನಾಯಿಗಳ ಹೆಸರುಗಳನ್ನೂ, ಅವುಗಳನ್ನು ಕರೆಯುವ ಸಂಜ್ಞೆಗಳನ್ನೂ, ಜಾತ್ರೆಯ ದಾರಿಯ ವಾಡಿಕೆಗಳನ್ನೂ ಹಿರಿಯರಿಂದ ಕೇಳಿ ಬರೆದಿಡುವ ಕೆಲಸವು ಇನ್ನೂ ಬಹಳಷ್ಟು ಉಳಿದಿದೆ. ಈ ಭಾಗದ ಕಾಲೇಜುಗಳ ವಿದ್ಯಾರ್ಥಿಗಳಲ್ಲಿ ಅನೇಕರು ಕುರಿಗಾರರ ಮನೆತನಗಳಿಂದಲೇ ಬಂದವರು. ತಮ್ಮ ಮನೆಯ ನೆನಪುಗಳು ಇತಿಹಾಸದ ಆಕರಗಳೆಂಬುದನ್ನು ಅವರು ಮನಗಂಡು ಈ ಕಾರ್ಯಕ್ಕೆ ಕೈಹಾಕಬೇಕೆಂದು ನಾವು ಆಶಿಸುತ್ತೇವೆ.