ಮ.ಸಾ.ಅ. ತೆಗೆಯಬೇಕೋ, ಲ.ಸಾ.ಅ. ತೆಗೆಯಬೇಕೋ?

ಮಹತ್ತಮ ಸಾಮಾನ್ಯ ಅಪವರ್ತನ, ಲಘುತ್ತಮ ಸಾಮಾನ್ಯ ಅಪವರ್ತ್ಯ. ಶಾಲೆಯಲ್ಲಿ ಮ.ಸಾ.ಅ., ಲ.ಸಾ.ಅ. ಎಂದು ಬಾಯಿಪಾಠ ಮಾಡಿದವರಿಗೆ ಈ ಹೆಸರುಗಳೇ ಮೊದಲ ತೊಡಕು. ಎರಡು ಸಂಖ್ಯೆಗಳನ್ನು ಕೊಟ್ಟು ಇಂಥದ್ದನ್ನು ಕಂಡುಹಿಡಿಯಿರಿ ಎಂದರೆ ಮಕ್ಕಳು ಸಾಮಾನ್ಯವಾಗಿ ಎಡವುವುದಿಲ್ಲ. ಅವೇ ಸಂಖ್ಯೆಗಳು ವಾಕ್ಯರೂಪದ ಸಮಸ್ಯೆಯೊಳಗೆ ಅಡಗಿ ಕುಳಿತಾಗ, ಎರಡರಲ್ಲಿ ಯಾವುದು ಎಂಬುದೇ ತೋಚುವುದಿಲ್ಲ.

‘ಗರಿಷ್ಠ’ ಎಂದಿದ್ದರೆ ಮ.ಸಾ.ಅ., ‘ಕನಿಷ್ಠ’ ಎಂದಿದ್ದರೆ ಲ.ಸಾ.ಅ. ಎಂಬುದೊಂದು ಸುಲಭೋಪಾಯ ಪ್ರಚಲಿತದಲ್ಲಿದೆ. ಅಂಕ ಕಳೆಯುವ ಸುಲಭೋಪಾಯವೂ ಅದೇ. 540 ಸೆಂ.ಮೀ. ಉದ್ದ, 420 ಸೆಂ.ಮೀ. ಅಗಲದ ಕೋಣೆಗೆ ಒಂದೇ ಅಳತೆಯ ಚೌಕಾಕಾರದ ಟೈಲ್ಸ್‌ಗಳನ್ನು ಕತ್ತರಿಸದೆ ಹಾಸಬೇಕು. ಕನಿಷ್ಠ ಎಷ್ಟು ಟೈಲ್ಸ್ ಬೇಕು? ‘ಕನಿಷ್ಠ’ವನ್ನು ನಂಬಿ ಲ.ಸಾ.ಅ. ತೆಗೆದರೆ 3,780 ಬರುತ್ತದೆ. ಅದು ಟೈಲ್ಸ್‌ನ ಅಳತೆಯಾದರೆ ಕೋಣೆಗಿಂತ ಟೈಲ್ಸೇ ದೊಡ್ಡದು! ಸಂಖ್ಯೆ ಕನಿಷ್ಠವಾಗಬೇಕಾದರೆ ಪ್ರತಿಯೊಂದರ ಅಳತೆ ಗರಿಷ್ಠವಾಗಬೇಕು. ಆದ್ದರಿಂದ ಬೇಕಾದದ್ದು ಮ.ಸಾ.ಅ., ಅಂದರೆ 60 ಸೆಂ.ಮೀ. ಉದ್ದಕ್ಕೆ 9, ಅಗಲಕ್ಕೆ 7. ಒಟ್ಟು 63 ಟೈಲ್ಸ್.

ಇದರ ತಿರುವುಮುರುವೂ ಉಂಟು. 12, 15 ಮತ್ತು 18ರಿಂದ ನಿಶ್ಶೇಷವಾಗಿ ಭಾಗವಾಗುವ, ನಾಲ್ಕು ಅಂಕಿಗಳ ಗರಿಷ್ಠ ಸಂಖ್ಯೆ ಯಾವುದು? ಪ್ರಶ್ನೆಯಲ್ಲಿರುವುದು ‘ಗರಿಷ್ಠ’, ಬೇಕಾಗುವುದು ಲ.ಸಾ.ಅ. ಅದು 180. 9,999ನ್ನು 180ರಿಂದ ಭಾಗಿಸಿದರೆ ಶೇಷ 99. ಅದನ್ನು ಕಳೆದರೆ ಉತ್ತರ 9,900.

ಹಾಗಾದರೆ ನೋಡಬೇಕಾದದ್ದೇನು? ಕೊಟ್ಟ ಅಳತೆಗಳನ್ನು ಸಮಭಾಗಗಳಾಗಿ ಒಡೆಯುತ್ತಿದ್ದೇವೆಯೇ, ಅಥವಾ ಅವನ್ನು ಮತ್ತೆ ಮತ್ತೆ ಕೂಡಿಸಿಕೊಂಡು ಮುಂದೆ ಹೋಗುತ್ತಿದ್ದೇವೆಯೇ ಎಂಬುದನ್ನು. ಒಡೆಯುವುದಾದರೆ ಮ.ಸಾ.ಅ.; ಅದು ಕೊಟ್ಟ ಯಾವ ಸಂಖ್ಯೆಯನ್ನೂ ಮೀರದು. ಬೆಳಿಗ್ಗೆ 6ಕ್ಕೆ ಒಟ್ಟಿಗೆ ಹೊರಟ ಎರಡು ಮಾರ್ಗಗಳ ಬಸ್ಸುಗಳಲ್ಲಿ ಒಂದು 12 ನಿಮಿಷಕ್ಕೊಮ್ಮೆ, ಇನ್ನೊಂದು 18 ನಿಮಿಷಕ್ಕೊಮ್ಮೆ ಹೊರಡುತ್ತಿದ್ದರೆ, ಅವು ಮತ್ತೆ ಜತೆಯಾಗಿ ಹೊರಡುವುದು 36 ನಿಮಿಷಗಳ ಬಳಿಕ, 6.36ಕ್ಕೆ. ಇದು ಲ.ಸಾ.ಅ.

ದೊಡ್ಡ ಸಂಖ್ಯೆಗಳ ಮ.ಸಾ.ಅ. ತೆಗೆಯಲು ಕ್ರಿ.ಪೂ. 300ರ ಸುಮಾರಿನ ಯೂಕ್ಲಿಡ್‌ನ ಕ್ರಮವೇ ಇಂದಿಗೂ ಹಗುರ. 540ನ್ನು 420ರಿಂದ ಭಾಗಿಸಿದರೆ ಶೇಷ 120. 420ನ್ನು 120ರಿಂದ ಭಾಗಿಸಿದರೆ 60. 120ನ್ನು 60ರಿಂದ ಭಾಗಿಸಿದರೆ ಸೊನ್ನೆ. ಕೊನೆಯ ಭಾಜಕ 60, ಅದೇ ಉತ್ತರ. ಲ.ಸಾ.ಅ.ಕ್ಕಂತೂ ನಮ್ಮ ನೆಲದ ನಂಟೇ ಇದೆ. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಜೈನ ಗಣಿತಜ್ಞ ಮಹಾವೀರಾಚಾರ್ಯನು 9ನೇ ಶತಮಾನದ ‘ಗಣಿತಸಾರಸಂಗ್ರಹ’ದಲ್ಲಿ, ಭಿನ್ನರಾಶಿಗಳನ್ನು ಕೂಡುವಾಗ ಛೇದಗಳಿಗೆ ಬೇಕಾಗುವ ಇದೇ ಸಂಖ್ಯೆಯನ್ನು ‘ನಿರುದ್ಧ’ ಎಂದು ಕರೆದಿದ್ದಾನೆ.

ಉತ್ತರವನ್ನು ತಾಳೆ ನೋಡುವಾಗ ಒಂದು ಎಚ್ಚರ ಬೇಕು. ಮ.ಸಾ.ಅ. ಮತ್ತು ಲ.ಸಾ.ಅ.ಗಳ ಗುಣಲಬ್ಧವು ಕೊಟ್ಟ ಸಂಖ್ಯೆಗಳ ಗುಣಲಬ್ಧಕ್ಕೆ ಸಮ ಎಂಬ ನಿಯಮ ಎರಡು ಸಂಖ್ಯೆಗಳಿಗೆ ಮಾತ್ರ. ಮೇಲಿನ 12, 15, 18ಕ್ಕೆ ಮ.ಸಾ.ಅ. 3, ಲ.ಸಾ.ಅ. 180, ಗುಣಿಸಿದರೆ 540. ಮೂರೂ ಸಂಖ್ಯೆಗಳ ಗುಣಲಬ್ಧವಾದರೋ 3,240.