ಎಣ್ಣೆ ಹೊರಗೆ, ನೀರು ಒಳಗೆ

ಕೊಡಚಾದ್ರಿಗೆ, ಮಾಂದಲ್‌ಪಟ್ಟಿಗೆ ಪ್ರವಾಸಿಗರನ್ನು ಹೊತ್ತೊಯ್ಯುವ ಜೀಪುಗಳು ನಿಲ್ಲುವ ಕಡೆ ನೆಲ ನೋಡಿ. ಅಲ್ಲಲ್ಲಿ ಕಪ್ಪು ಎಣ್ಣೆಯ ಕಲೆ ಇರುತ್ತದೆ. "ಫೋರ್ ವೀಲ್ ಗಾಡಿ ಅಂದಮೇಲೆ ಒಂದಿಷ್ಟು ಆಯಿಲ್ ಸೋರಿಯೇ ಸೋರುತ್ತೆ" ಎಂಬ ಮಾತು ಮಲೆನಾಡಿನ ತೋಟಗಳಲ್ಲೂ ಗ್ಯಾರೇಜುಗಳಲ್ಲೂ ಬಳಕೆಯಲ್ಲಿದೆ. ಮಳೆಗಾಲ ಹಿಡಿಯುವ ಮುಂಚೆ ಈ ಮಾತನ್ನು ಕೈಬಿಡಬೇಕು. ಎಣ್ಣೆ ಹೊರಬರುವ ದಾರಿಯಲ್ಲೇ ನೀರು ಒಳಹೋಗುತ್ತದೆ, ಮತ್ತು ಹೋದ ಎಣ್ಣೆಗಿಂತ ಬಂದ ನೀರು ಮಾಡುವ ಹಾನಿಯೇ ದೊಡ್ಡದು.

ಭಾರ ಹೊತ್ತು ಏರು ಹತ್ತಿದ ಜೀಪಿನ ಡಿಫರೆನ್ಷಿಯಲ್ ಹೌಸಿಂಗಿನಲ್ಲಿ ಎಣ್ಣೆ 80 ಡಿಗ್ರಿ ಸೆಲ್ಸಿಯಸ್ ಮುಟ್ಟಬಲ್ಲದು. ಹಿಗ್ಗಿದ ಗಾಳಿ ಹೊರಹೋಗಲೆಂದು ಹೌಸಿಂಗಿನ ಮೇಲ್ಭಾಗದಲ್ಲಿ ಬ್ರೀದರ್ ಎಂಬ ಪುಟ್ಟ ಕಿಂಡಿ ಇದೆ. ಕೆಸರು ಮೆತ್ತಿ ಅದು ಮುಚ್ಚಿಹೋದರೆ, ಉಷ್ಣತೆ 25ರಿಂದ 80 ಡಿಗ್ರಿಗೆ ಏರುವಷ್ಟರಲ್ಲಿ ಒಳಗಿನ ಗಾಳಿಯ ಒತ್ತಡ ಸುಮಾರು ಶೇ 18ರಷ್ಟು ಹೆಚ್ಚುತ್ತದೆ. ಆ ಒತ್ತಡ ಪಿನಿಯನ್ನಿನ ಸೀಲನ್ನೋ ಆಕ್ಸಲ್ಲಿನ ಸೀಲನ್ನೋ ನೂಕಿಕೊಂಡು ಎಣ್ಣೆಯ ಜೊತೆ ಹೊರಬರುತ್ತದೆ. ಬಿಸಿಯಾಗಿರುವ ಅದೇ ಹೌಸಿಂಗ್ ಹಳ್ಳದ ತಣ್ಣೀರಿಗೆ ಇಳಿದಾಗ ನಡೆಯುವುದು ಇದಕ್ಕೆ ಉಲ್ಟಾ. ಪೂರ್ತಿ ತಣಿದರೆ ಒತ್ತಡ ಶೇ 15ಕ್ಕೂ ಹೆಚ್ಚು ಕುಸಿಯುತ್ತದೆ. ಒಂದೂವರೆ ಮೀಟರ್ ಆಳದ ನೀರು ಹೊರಗಿನಿಂದ ಒತ್ತಿದಷ್ಟು ಅದು. ಅರ್ಧದಷ್ಟು ತಣಿದರೂ ಸಾಕು. ಸೀಲಿನ ತುಟಿಯನ್ನು ಬಾಗಿಸಿರುವುದು ಒಳಗಿನ ಎಣ್ಣೆಯನ್ನು ತಡೆಯಲು. ಹೊರಗಿನಿಂದ ಒತ್ತುವ ನೀರಿನ ಮುಂದೆ ಅದಕ್ಕೆ ಬಲವಿಲ್ಲ.

ಎಷ್ಟು ನೀರು ಸೇರಿದರೆ ಕೇಡು? ಬೇರಿಂಗ್ ತಯಾರಿಸುವ ಟಿಮ್ಕೆನ್ ಕಂಪನಿಯ ಕ್ಯಾಂಟ್ಲಿ 1977ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಎಣ್ಣೆಯಲ್ಲಿನ ನೀರಿನ ಅಂಶ ಹತ್ತು ಲಕ್ಷಕ್ಕೆ 100 ಭಾಗದಿಂದ 400 ಭಾಗಕ್ಕೆ ಏರಿದಾಗ ಟೇಪರ್ ರೋಲರ್ ಬೇರಿಂಗುಗಳ ಆಯುಷ್ಯ ಅರ್ಧಕ್ಕಿಂತ ಕೆಳಗಿಳಿಯಿತು. ಎರಡು ಲೀಟರ್ ಎಣ್ಣೆ ಹಿಡಿಯುವ ಹೌಸಿಂಗಿನಲ್ಲಿ 400 ಭಾಗವೆಂದರೆ ಒಂದು ಮಿಲಿಲೀಟರೂ ಆಗುವುದಿಲ್ಲ. ಕ್ಯಾಂಟ್ಲಿ ಬಳಸಿದ್ದು ಗೇರ್ ಆಯಿಲ್ ಅಲ್ಲ, ಅದಕ್ಕಿಂತ ತೆಳುವಾದ ಖನಿಜ ತೈಲ. ಆದ್ದರಿಂದ ಆ ಅಂಕಿಯನ್ನು ಹಾಗೆಯೇ ನಮ್ಮ ಜೀಪಿಗೆ ಹಚ್ಚಲಾಗದು, ಆದರೆ ಅದು ತೋರಿಸುವ ದಿಕ್ಕಿನಲ್ಲಿ ಅನುಮಾನವಿಲ್ಲ. ಡ್ರೈನ್ ಪ್ಲಗ್ ಬಿಚ್ಚಿದಾಗ ಎಣ್ಣೆ ಮಜ್ಜಿಗೆಯಂತೆ ಬೆಳ್ಳಗೆ ಇಳಿದರೆ, ನೀರು ಈ ಮಟ್ಟವನ್ನು ದಾಟಿ ಬಹಳ ಕಾಲವಾಗಿದೆ ಎಂದರ್ಥ.

ಹೀಗಾಗಿ ಸೋರಿಕೆಯ ರಿಪೇರಿ ಸೀಲಿನಿಂದ ಶುರುವಾಗಬಾರದು, ಬ್ರೀದರಿನಿಂದ ಶುರುವಾಗಬೇಕು. ಅದನ್ನು ಬಿಚ್ಚಿ ತೊಳೆದು, ಹಳ್ಳ ದಾಟುವ ಗಾಡಿಯಾದರೆ ರಬ್ಬರ್ ಪೈಪ್ ಜೋಡಿಸಿ ಬಾನೆಟ್ಟಿನೊಳಗೆ ಎತ್ತರದಲ್ಲಿ ಕಟ್ಟಬೇಕು. ಇಷ್ಟು ಮಾಡದೆ ಹಾಕಿದ ಹೊಸ ಸೀಲು ಹಳೆಯದರ ಹಾಗೆಯೇ ಸೋರುತ್ತದೆ. ಸೀಲು ಬದಲಿಸುವಾಗ ಅದು ಕೂರುವ ಫ್ಲೇಂಜಿನ ಮೈಮೇಲೆ ಉಗುರು ಆಡಿಸಿ ನೋಡಿ. ಉಗುರಿಗೆ ಗೀರು ಸಿಕ್ಕಿದರೆ ಅಲ್ಲಿ ಯಾವ ಸೀಲೂ ನಿಲ್ಲದು. ಫ್ಲೇಂಜ್ ಬದಲಾಗಬೇಕು, ಇಲ್ಲವೇ ತೆಳುವಾದ ಸ್ಲೀವ್ ತೊಡಿಸಬೇಕು. ಪಿನಿಯನ್ ನಟ್ಟನ್ನು ಕೈಬಲ ಇದ್ದಷ್ಟು ಬಿಗಿಯುವುದಂತೂ ಬೇಡವೇ ಬೇಡ. ಒಳಗೆ ಕ್ರಶ್ ಸ್ಲೀವ್ ಇರುವ ಗಾಡಿಗಳಲ್ಲಿ ಬೇರಿಂಗುಗಳ ಮೇಲಿನ ಒತ್ತು ನಿರ್ಧಾರವಾಗುವುದೇ ಆ ನಟ್ಟಿನಿಂದ. ಮಿತಿ ಮೀರಿ ಬಿಗಿದರೆ ಬೇರಿಂಗ್ ಸುಡುತ್ತದೆ.

ಎಣ್ಣೆಯ ವಿಷಯದಲ್ಲಿ ನಡೆಯುವ ತಪ್ಪು ಬೇರೆ ಬಗೆಯದು. ಅಂಗಡಿಗೆ ಹೋಗಿ "90 ಆಯಿಲ್ ಕೊಡಿ" ಎನ್ನುವುದು ರೂಢಿ. 90 ಎಂಬುದು ಎಣ್ಣೆ ಎಷ್ಟು ಗಟ್ಟಿ ಎಂಬುದನ್ನಷ್ಟೇ ಹೇಳುತ್ತದೆ. ಅದರಲ್ಲಿ ಏನು ಬೆರೆಸಿದ್ದಾರೆ ಎಂದು ತಿಳಿಸುವುದು ಡಬ್ಬಿಯ ಮೇಲಿನ ಜಿಎಲ್-4, ಜಿಎಲ್-5 ಎಂಬ ಗುರುತು. ಹೈಪಾಯ್ಡ್ ಮಾದರಿಯ ಕ್ರೌನ್ ಮತ್ತು ಪಿನಿಯನ್ ಹಲ್ಲುಗಳು ಒಂದರ ಮೇಲೊಂದು ಉರುಳುವುದಷ್ಟೇ ಅಲ್ಲ, ಉಜ್ಜಿಕೊಂಡು ಜಾರುತ್ತವೆ. ಆ ಒತ್ತಡದಲ್ಲಿ ಬರೀ ಎಣ್ಣೆಯ ಪದರ ಹರಿಯುತ್ತದೆ. ಆಗ ಉಕ್ಕಿನ ಮೈಗೆ ರಕ್ಷಣೆಯ ಲೇಪ ಕಟ್ಟುವುದು ಗಂಧಕ ಮತ್ತು ರಂಜಕದ ಸಂಯುಕ್ತಗಳು. ಜಿಎಲ್-5ರಲ್ಲಿ ಇವು ಜಿಎಲ್-4ಕ್ಕಿಂತ ಸುಮಾರು ಇಮ್ಮಡಿ ಇರುತ್ತವೆ. ಹೌಸಿಂಗಿಗೆ ಅದು ಬೇಕೇ ಬೇಕು. ಆದರೆ ಗೇರ್‌ಬಾಕ್ಸಿನೊಳಗಿನ ಹಿತ್ತಾಳೆಯ ಸಿಂಕ್ರೋ ರಿಂಗುಗಳನ್ನು ಅದೇ ಗಂಧಕ ಬಿಸಿಯಲ್ಲಿ ಸವೆಸಬಲ್ಲದು. ಇನ್ನು ಚೈನಿನಿಂದ ಓಡುವ ಹಲವು ಟ್ರಾನ್ಸ್‌ಫರ್ ಕೇಸುಗಳು ಕೇಳುವುದು ಗೇರ್ ಆಯಿಲನ್ನೇ ಅಲ್ಲ, ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ತೆಳು ದ್ರವವನ್ನು. ಒಂದೇ ಡಬ್ಬಿಯಿಂದ ಮೂರಕ್ಕೂ ಸುರಿಯುವ ಗ್ಯಾರೇಜಿನಲ್ಲಿ ಗಾಡಿಯ ಕೈಪಿಡಿ ತೆಗೆದು ಮುಂದಿಡಿ. ಸೋರಿಕೆ ನಿಲ್ಲಲೆಂದು 90ರ ಬದಲು 140 ತುಂಬುವವರೂ ಇದ್ದಾರೆ. ಸೀಲಿನ ತುಟಿ ಹರಿದಿದ್ದರೆ ಗಟ್ಟಿ ಎಣ್ಣೆ ತುಸು ನಿಧಾನವಾಗಿ ಸೋರುತ್ತದೆ, ಅಷ್ಟೇ.

ಇದೆಲ್ಲಕ್ಕಿಂತ ನನಗೆ ಭಯ ಹುಟ್ಟಿಸುವ ಸೋರಿಕೆ ನೆಲದ ಮೇಲೆ ಕಾಣಿಸದೆಯೂ ಇರಬಹುದು. ಹಿಂದಿನ ಆಕ್ಸಲ್ಲಿನ ತುದಿಯ ಸೀಲು ಹೋದರೆ ಎಣ್ಣೆ ಇಳಿಯುವುದು ಬ್ರೇಕ್ ಡ್ರಮ್ಮಿನೊಳಕ್ಕೆ. ಲೈನರ್ ನೆನೆದ ಚಕ್ರ ಹಿಡಿಯದೆ, ಗಾಡಿ ಬ್ರೇಕ್ ಒತ್ತಿದಾಗ ಒಂದು ಬದಿಗೆ ಎಳೆಯುತ್ತದೆ. ಇಳಿಜಾರಿನ ಒದ್ದೆ ಮಣ್ಣಿನ ತಿರುವಿನಲ್ಲಿ ಅದರ ಪರಿಣಾಮ ಹಿಂದಿನ ಸೀಟಿನಲ್ಲಿ ಕೂತವರ ಜೀವದ ಮೇಲೆ. ಚಕ್ರದ ಒಳಮೈಯಲ್ಲಿ ಎಣ್ಣೆಯ ಗೆರೆ ಕಂಡ ದಿನವೇ ಡ್ರಮ್ ಬಿಚ್ಚಿಸಿ. ನೆನೆದ ಲೈನರನ್ನು ಪೆಟ್ರೋಲಿನಲ್ಲಿ ತೊಳೆದು, ಎಮರಿ ಪೇಪರ್ ಉಜ್ಜಿ ಮತ್ತೆ ಕೂರಿಸಲು ಒಪ್ಪಬೇಡಿ. ಹೀರಿಕೊಂಡ ಎಣ್ಣೆ ಬಿಸಿಯಾದಾಗ ಮತ್ತೆ ಮೇಲೆ ಬರುತ್ತದೆ. ಎಡಬಲ ಎರಡೂ ಚಕ್ರದ ಲೈನರ್ ಒಟ್ಟಿಗೆ ಬದಲಾಗಬೇಕು, ಅಲ್ಲಿಯವರೆಗೆ ಆ ಜೀಪಿಗೆ ಜನರನ್ನು ಹತ್ತಿಸಬಾರದು.